ಕಾಫಿ ಲೋಟ, ಕೆಂಪು ಮಾತ್ರೆ
ತೀರ್ಥಹಳ್ಳಿ ಅತ್ತೆ ಮನೇಲಿ ಎದ್ದ ಕೂಡ್ಲೇ ಕಾಫಿ, ಹತ್ತು ಗಂಟೆಗೆ ಮತ್ತೊಂದ್ಸಲ, ಬಸುರಿ ಆದ್ಮೇಲೂ ಆಶಾ ಅಕ್ಕ ಕೊಟ್ಟ ಕೆಂಪು ಐರನ್ ಮಾತ್ರೇನ ಅದೇ ಕಾಫಿ ಜೊತೆ ನುಂಗ್ತಿದ್ದೆ, ಹಿಮೋಗ್ಲೋಬಿನ್ 9 ದಾಟ್ಲೇ ಇಲ್ಲ. ಕಾಫಿ ಕಬ್ಬಿಣಾಂಶ ಮೈಗೆ ಹತ್ತೋಕೆ ಬಿಡಲ್ಲ ಕಣೇ ಅಂತ ನರ್ಸ್ ಬೈದ್ಮೇಲೆ ಮಾತ್ರೆಗೆ ನಿಂಬೆ ಪಾನಕ, ಕಾಫಿ ಎರಡು ಗಂಟೆ ಬಿಟ್ಟು. ಅತ್ತೆ ನುಗ್ಗೆಸೊಪ್ಪಿನ ಪಲ್ಯಕ್ಕೂ ನಿಂಬೆ ಹಿಂಡೋಕೆ ಶುರು ಮಾಡಿದ್ರು, ಚೆನ್ನಾಗೇ ಇತ್ತು.

ಬೇಜಾರು ಏನಂದ್ರೆ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ವಿಷ್ಯ ಮೊದ್ಲೇ ಯಾರೂ ಹೇಳ್ಲಿಲ್ಲ. ಮಗು ಮಿದುಳು, ಬೆನ್ನುಹುರಿ ಆಗೋ ನಳಿಗೆ ಗರ್ಭ ಕಟ್ಟಿದ 28 ದಿನದೊಳಗೇ ಮುಚ್ಕೊಳುತ್ತಂತೆ, ಎಷ್ಟೋ ಜನ ಟೆಸ್ಟ್ ಮಾಡ್ಸೋದೇ ಆಮೇಲೆ! ಆ ನಳಿಗೆ ಸರಿಯಾಗಿ ಮುಚ್ಕೊಳ್ಳೋಕೆ ಫೋಲಿಕ್ ಆಸಿಡ್ ಬೇಕು, ಅದಕ್ಕೇ ದಿನಾ 400 ಮೈಕ್ರೋಗ್ರಾಂ ಬಸುರಿ ಆಗೋಕೆ ತಿಂಗಳು ಮುಂಚೇನೇ ಶುರು ಮಾಡ್ಬೇಕು. ತಂಗಿ ಮದ್ವೆ ಮೇನಲ್ಲಿ, ಡಾಕ್ಟರ್ ಹತ್ರ ಈಗ್ಲೇ ಕರ್ಕೊಂಡು ಹೋಗಿದ್ದೆ.