ಜೇನು ಕಾಯಿಸಿದರೆ ವಿಷ ಅಲ್ವಾ?

ಅಲ್ಲ.

ನನ್ನ ಉತ್ತರ ಇಷ್ಟೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಮಾಸ್ಕೋಗೆ ಬಂದ ಮೇಲೆ ಕೆಳಮನೆಯ ಅಜ್ಜಿಯಿಂದ ಪ್ರ್ಯಾನಿಕ್ ಮಾಡುವುದನ್ನು ಕಲಿತೆ. ಜೇನು, ರೈ ಹಿಟ್ಟು, ಮಸಾಲೆ ಸೇರಿಸಿ ಒಲೆಯಲ್ಲಿ ಬೇಯಿಸುವ ರಷ್ಯದ ಹಳೇ ತಿನಿಸು ಅದು. ಫೋಟೊ ಕಳಿಸಿದರೆ ಸಾಕು, ಊರಿಂದ ಈ ಪ್ರಶ್ನೆ ಬರುತ್ತದೆ. ಆ ‘ಅಲ್ವಾ’ ನೋಡಿ. ಅದು ತಿಳಿದುಕೊಳ್ಳಲು ಕೇಳುವ ಮಾತಲ್ಲ. ತೀರ್ಪು ಬರೆದಾಗಿದೆ, ನಾನು ಸಹಿ ಹಾಕಬೇಕು, ಅಷ್ಟೇ.

ಬಿಸಿ ಜೇನು ಕೂಡದು ಎಂದು ಚರಕ ಸಂಹಿತೆಯಲ್ಲಿದೆ, ಗೊತ್ತು. ಜೇನು ಕಾಯಿಸಿದಾಗ ಅದರ ಸಕ್ಕರೆಯಿಂದ ಹುಟ್ಟುವ, ಜನ ವಿಷವೆಂದು ಹೆದರುವ ಎಚ್‌ಎಂಎಫ್ ಎಂಬ ಅಂಶ ಹೆಚ್ಚುವುದೂ ನಿಜ. ಅದೇ ಅಂಶ ಹುರಿದ ಕಾಫಿಪುಡಿಯಲ್ಲಿ ಜೇನಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಇದೆ. ಕಾಫಿ ಲೋಟ ಹಿಡಿದುಕೊಂಡೇ ನನ್ನನ್ನು ಈ ಪ್ರಶ್ನೆ ಕೇಳಿದವರು ಎಷ್ಟು ಜನ! ಬೆಳಗೆದ್ದು ಸುಡುಸುಡು ನಿಂಬೆನೀರಿಗೆ ಜೇನು ಹಾಕಿಕೊಂಡು ಕುಡಿಯುವವರೂ ಕೇಳಿದ್ದಾರೆ. ರಷ್ಯದ ತುಲಾ ಊರಿನ ಪ್ರ್ಯಾನಿಕ್ 1685ರ ದಾಖಲೆಯಲ್ಲೇ ಇದೆ. ಆ ಊರಿನವರು ಇವತ್ತಿಗೂ ಅದನ್ನು ತಿಂದು, ಸಮೋವರ್ ಎಂಬ ನೀರು ಕಾಯಿಸುವ ಪಾತ್ರೆಯ ಚಹಾ ಕುಡಿದು ಚೆನ್ನಾಗಿಯೇ ಇದ್ದಾರೆ.

ಇಷ್ಟು ಸಿಟ್ಟು ಯಾಕೆಂದರೆ ಹೋದ ವರ್ಷದ ಗೃಹಪ್ರವೇಶ. ಸಾಗರದ ಹತ್ತಿರ, ನೆಂಟರ ಮನೆ. ಹೊರಡುವ ಮುಂಚೆ ಎರಡು ದಿನ ಕೂತು ಒಂದು ದೊಡ್ಡ ಡಬ್ಬಿ ತುಂಬ ಮಾಡಿದ್ದೆ. ಕಾಲು ಕೇಜಿ ಜೇನಿಗೆ ಸಕ್ಕರೆ, ಬೆಣ್ಣೆ ಹಾಕಿ ಕರಗಿಸಿ, ಸೋಡಾ ಹಾಕಿದ ಕೂಡಲೇ ಅದು ಬುರುಬುರು ನೊರೆಯೆದ್ದು ಹೊಂಬಣ್ಣಕ್ಕೆ ತಿರುಗುತ್ತದೆ. ಜೇನಿನ ಹುಳಿಗೆ ಸೋಡಾ ಹಾಗೆ ಎದ್ದು ಬರುವುದು. ಬಿಸಿ ಇರುವಾಗಲೇ ಅರ್ಧ ಹಿಟ್ಟು ಸುರಿದು ಮಗುಚಬೇಕು. ಇದನ್ನು ಇಲ್ಲಿ ‘ಜವರ್ನೊಯೆ’ ಅನ್ನುತ್ತಾರೆ. ನಮ್ಮ ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸುವುದಿಲ್ಲವೇ, ಅದೇ! ಅಜ್ಜಿ ಮೊದಲ ಸಲ ತೋರಿಸಿದಾಗ ನನ್ನ ಕೈಗೆ ಆಗಲೇ ಅಭ್ಯಾಸವಿತ್ತು. ಆರಿದ ಮೇಲೆ ಮೊಟ್ಟೆ, ಮಸಾಲೆ, ಉಳಿದ ಹಿಟ್ಟು. ರಾತ್ರಿಯಿಡೀ ಮುಚ್ಚಿಟ್ಟು, ಮರುದಿನ 180 ಡಿಗ್ರಿಯಲ್ಲಿ ಹತ್ತು-ಹನ್ನೆರಡು ನಿಮಿಷ. ಜೇನು ತೇವ ಹಿಡಿದಿಡುವುದರಿಂದ ದಿನ ಕಳೆದಂತೆ ರುಚಿ ಏರುತ್ತದೆ, ವಿಮಾನಯಾನಕ್ಕೆ ಹೇಳಿ ಮಾಡಿಸಿದಂತಿದೆ.

ಊಟದ ಹಾಲ್‌ನಲ್ಲಿ ಡಬ್ಬಿ ತೆರೆದೆ. ಮೂರ್ನಾಲ್ಕು ಕೈ ಮುಂದೆ ಬಂದವು. ಒಬ್ಬರು ಕೇಳಿದರು, “ಜೇನು ಕಾಯಿಸಿದ್ದಾ? ವಿಷ ಅಲ್ವಾ?” ಕೈಗಳು ಹಿಂದೆ ಹೋದವು. ಮಗುವೊಂದು ಆಗಲೇ ಎತ್ತಿಕೊಂಡಿದ್ದನ್ನು ಅದರ ತಾಯಿ ನಯವಾಗಿ ಕಸಿದು ವಾಪಸ್ ಇಟ್ಟರು. ಮೊಟ್ಟೆ ಇದೆಯಾ ಎಂದು ಕೇಳಿ ಬಿಟ್ಟಿದ್ದರೆ ನನಗೆ ಒಂದಿಷ್ಟೂ ಬೇಸರವಿರಲಿಲ್ಲ, ಅದು ಅವರವರ ಆಚಾರ. ಆದರೆ ನಾನು ನೆಂಟರಿಗೆ ವಿಷ ತಂದೆನೇ?

ಯಾರಾದರೂ ಬೇರೆ ಪ್ರಶ್ನೆ ಕೇಳಬಾರದಿತ್ತೇ? ಪ್ರ್ಯಾನಿಕ್ ಎಂಬ ಹೆಸರು ಎಲ್ಲಿಂದ ಬಂತು ಅಂತ? ಮೊದಮೊದಲು ಅದಕ್ಕೆ ಜೇನುರೊಟ್ಟಿ ಎಂದಷ್ಟೇ ಹೆಸರು. ದೂರದಿಂದ ಮಸಾಲೆ ಬಂದ ಮೇಲೆ ಪ್ರ್ಯಾನಿಕ್ ಆಯಿತು, ಅಂದರೆ ಮಸಾಲೆಯದ್ದು. ಆ ಪದದ ಬುಡದಲ್ಲಿರುವುದು ಕಾಳುಮೆಣಸಿನ ಹಳೇ ರಷ್ಯನ್ ಹೆಸರು. ಅದರ ಬೇರು ಹಿಡಿದು ಲ್ಯಾಟಿನ್, ಗ್ರೀಕ್ ದಾಟಿ ಹೋದರೆ ಸಿಗುವುದು ಪಿಪ್ಪಲಿ. ನಮ್ಮ ಕಷಾಯದ ಹಿಪ್ಪಲಿ! ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ನಮ್ಮ ಬೀದರ್‌ವರೆಗೂ ಬಂದಿದ್ದ. ಕುದುರೆ ಮಾರಿದ. ತನ್ನ ದೇಶಕ್ಕೆ ಒಯ್ಯುವಂಥ ಸರಕೇ ಇಲ್ಲವೆಂದು ಗೊಣಗುತ್ತಲೇ, ಮೆಣಸು ಮಾತ್ರ ಅಗ್ಗ ಎಂದು ಬರೆದಿಟ್ಟ. ಊರು ಮುಟ್ಟುವ ಮೊದಲೇ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ಒಲೆಯ ಮುಂದೆ ಮೆಣಸು ಕುಟ್ಟುವಾಗ ನನಗೆ ಅವನ ನೆನಪಾಗುತ್ತದೆ.

ಅವತ್ತು ಡಬ್ಬಿ ಮುಚ್ಚುವ ಹೊತ್ತಿಗೆ ಮೂಲೆಯಲ್ಲಿ ಕೂತಿದ್ದ ನಮ್ಮ ದೊಡ್ಡಮ್ಮ ಕೈ ಚಾಚಿದರು. ಕಾಫಿಗೆ ಅದ್ದಿ ಕಚ್ಚಿದರು. ಒಂದು ಕ್ಷಣ ಸುಮ್ಮನಿದ್ದು, “ಮೆಣಸು ಹಾಕಿದೀಯಲ್ಲೇ, ಎಲ್ಲಿದು?” ಅಂದರು.

“ನಿಮ್ಮನೇದೇ ದೊಡ್ಡಮ್ಮ. ಹೋದ ಸಲ ಕಟ್ಟಿಕೊಟ್ಟಿದ್ರಲ್ಲ.”

“ಅದಕ್ಕೇ ಇಷ್ಟು ಖಾರ” ಎಂದು ಇನ್ನೊಂದು ತೆಗೆದುಕೊಂಡರು.