ಮಗನನ್ನು ಮಿಡ್‌ಬ್ರೈನ್ ಕ್ಲಾಸಿಗೆ ಸೇರಿಸಲಾ?

ಬಯಾಲಜಿ ಪಾಠ ಮಾಡುವವಳು ಅಂತ ಗೊತ್ತಾದರೆ ಸಾಕು, ಬೆಂಗಳೂರಿನ ಅಪ್ಪ ಅಮ್ಮಂದಿರು ಕೇಳುವುದು ಇದನ್ನೇ: "ಮೇಡಂ, ಮಿಡ್‌ಬ್ರೈನ್ ಆಕ್ಟಿವೇಶನ್ ಮಾಡಿಸಿದ್ರೆ ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಕೊಂಡೇ ಓದ್ತಾರಂತೆ. ನಮ್ಮ ಮಗನ್ನೂ ಸೇರಿಸಲಾ?"

ಬೇಡ.

ತಲೆಬುರುಡೆಯೊಳಗೆ ಹೆಚ್ಚಿನ ಜಾಗ ಹಿಡಿದಿರುವುದು ಮಡಿಕೆ ಮಡಿಕೆಯ ಮಹಾಮಸ್ತಿಷ್ಕ. ಅದರ ಹಿಂದೆ, ಕೆಳಗೆ ಅನುಮಸ್ತಿಷ್ಕ. ಬೆನ್ನುಹುರಿಯ ಕಡೆಗೆ ಇಳಿಯುವುದು ಮೆದುಳಿನ ಕಾಂಡ. ಆ ಕಾಂಡದ ಮೇಲ್ತುದಿಯಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದದ ಭಾಗವೇ ಈ ಮಿಡ್‌ಬ್ರೈನ್. ಕಣ್ಣುಗುಡ್ಡೆ ಹೊರಳಿಸುವುದು, ಟಾರ್ಚ್ ಬಿಟ್ಟರೆ ಪಾಪೆ ಕಿರಿದಾಗುವುದು, ಸದ್ದಾದ ಕಡೆಗೆ ಕತ್ತು ತಿರುಗುವುದು ಇದರ ಕೆಲಸಗಳು. ಅಡ್ಡಕ್ಕೆ ಕೊಯ್ದರೆ ಎರಡು ಕಪ್ಪು ಪಟ್ಟಿ ಬರಿಗಣ್ಣಿಗೇ ಕಾಣುತ್ತವೆ: ಸಬ್‌ಸ್ಟಾನ್ಷಿಯಾ ನೈಗ್ರಾ. ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಅಲ್ಲಿವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅವು ಸಾಯುತ್ತಾ ಹೋಗಿ ಆ ಪಟ್ಟಿ ಬಿಳಿಚಿಕೊಳ್ಳುತ್ತದೆ, ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ. ಎಚ್ಚರ ಉಳಿಸಿಕೊಳ್ಳುವುದರಲ್ಲೂ ಮಿಡ್‌ಬ್ರೈನ್‌ಗೆ ಪಾಲಿದೆ. ಅದಕ್ಕೆ ಜೋರಾಗಿ ಪೆಟ್ಟು ಬಿದ್ದವರು ಕೋಮಾಕ್ಕೂ ಹೋಗಬಹುದು. ಮನೆ ತುಂಬ ಓಡಾಡುವ ನಿಮ್ಮ ಮಗನದು ಆಗಲೇ ಆಕ್ಟಿವೇಟ್ ಆಗಿದೆ, ಫೀಸಿಲ್ಲದೆ!

ಓದುವ ದಾರಿಯೇ ಬೇರೆ. ಬೆಳಕು ಕಣ್ಣಿನ ಒಳಪದರಕ್ಕೆ ಬಿದ್ದು, ಅಲ್ಲಿಂದ ನರದ ಮೂಲಕ ಮೆದುಳಿನ ಆಳದಲ್ಲಿರುವ ಥಲಾಮಸ್‌ಗೆ, ಥಲಾಮಸ್‌ನಿಂದ ಮಹಾಮಸ್ತಿಷ್ಕದ ಹಿಂಬದಿಯ ಭಾಗಕ್ಕೆ ಸುದ್ದಿ ಹೋಗಬೇಕು. ಬೆಳಕೇ ಒಳಗೆ ಬಾರದಿದ್ದರೆ ಮುಂದಿನದ್ಯಾವುದೂ ಇಲ್ಲ.

ಹಾಗಾದರೆ ಆ ಮಕ್ಕಳು ಓದುವುದು ಹೇಗೆ? ಡೆಮೋದಲ್ಲಿ ಅವರ ಗದ್ದ ನೋಡಿ. ತುಸು ಮೇಲೆದ್ದಿರುತ್ತದೆ, ಪುಸ್ತಕ ಎದೆಯ ಹತ್ತಿರ ಕೆಳಗಿರುತ್ತದೆ. ಮೂಗಿನ ಪಕ್ಕದಲ್ಲಿ ಬಟ್ಟೆ ಎಂದೂ ಪೂರ್ತಿ ಮುಚ್ಚುವುದಿಲ್ಲ, ಆ ಸಂದಿಯೇ ಸಾಕು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ವರ್ಷಗಳಿಂದ ಬಹಿರಂಗವಾಗಿ ಪ್ರಶ್ನಿಸುತ್ತಿದ್ದಾರೆ. ಮಗುವನ್ನು ಮಾತ್ರ ಬೈಯಬೇಡಿ. ಸಾವಿರಗಟ್ಟಲೆ ಕಟ್ಟಿದ ಅಪ್ಪ ಎದುರಿಗೆ ಕೂತಿರುವಾಗ "ಏನೂ ಕಾಣ್ತಿಲ್ಲ" ಅನ್ನಲು ಯಾವ ಮಗುವಿಗೆ ಧೈರ್ಯ ಬಂದೀತು?

ಮೆದುಳಿನ ಬಗ್ಗೆ ಆಸಕ್ತಿ ಹುಟ್ಟಿಸಬೇಕೆಂದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಅಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಬಹುದು. ಹೋಗುವ ಮುಂಚೆ ಯಾವ ದಿನ ಬಿಡುತ್ತಾರೆಂದು ಫೋನ್ ಮಾಡಿ ಕೇಳಿಕೊಳ್ಳಿ.

ಅಷ್ಟಾಗಿಯೂ ಡೆಮೋಗೆ ಹೋಗುತ್ತೀರಾದರೆ ಪುಸ್ತಕವನ್ನು ಮಗುವಿನ ಕೈಗೆ ಕೊಡಬೇಡಿ, ನೀವೇ ಅದರ ಹಣೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ.