ಮಿಸೌರಿಯ ಇಕ್ಕಳ, ಸೇಡಂನ ಜಾಲಿ

“ಮುಳ್ಳ ಆರಸ್ಲಾಕ ಅಮೆರಿಕಾಕ್ಕ ಹೋಗ್ಬೇಕಿತ್ತೇನ್ ಯವ್ವಾ?”

ಮೂರು ವರ್ಷದ ಹಿಂದೆ ವಿಡಿಯೋ ಕಾಲ್‌ನಲ್ಲಿ ಅಪ್ಪ ಕೇಳಿದ ಮಾತು ಇದು. ಅಪ್ಪ ಕೂತಿದ್ದು ಸೇಡಂ ತಾಲ್ಲೂಕಿನ ನಮ್ಮೂರಿನ ಮನೆ ಕಟ್ಟೆ ಮೇಲೆ. ಮಳಖೇಡಕ್ಕೆ ಹತ್ತಿರ, ಕಾಗಿಣಾ ಹೊಳೆಗೆ ಇನ್ನೂ ಹತ್ತಿರ. ನಾನಿದ್ದಿದ್ದು ಮಿಸೌರಿಯಲ್ಲಿ, ಟ್ರ್ಯಾಕ್ಟರ್ ಪಕ್ಕ, ಕೈಗೆ ಹರಿದ ಗ್ಲೌಸು ಹಾಕಿಕೊಂಡು. ಉತ್ತರ ಕೊಡಲಾಗದೆ ನಕ್ಕುಬಿಟ್ಟೆ.

ಇಲ್ಲಿ ಮಿಸೌರಿಯಲ್ಲಿ ಊರಾಚೆ 14 ಎಕರೆಯ ಹಳೇ ಹೊಲ ಕೊಂಡಿದ್ದೆವು. ಮನೆ ನೋಡಿ ಒಪ್ಪಿದ್ದು ನನ್ನ ಗಂಡ, ಹೊಲ ನೋಡಿ ಒಪ್ಪಿದ್ದು ನಾನು. ಅರ್ಧ ಹೊಲದಲ್ಲಿ ಹನಿ ಲೋಕಸ್ಟ್ ಅನ್ನುವ ಮರ. ಹೆಸರಿನಲ್ಲಿ ಜೇನು ಇದೆ, ಆದರೆ ಹತ್ತಿರ ಹೋದರೆ ನಮ್ಮ ಬಳ್ಳಾರಿ ಜಾಲಿಯ ದೊಡ್ಡಪ್ಪ. ಜಾಲಿಯ ಹಾಗೇ ಸಿಹಿ ಕಾಯಿ ಬಿಡುತ್ತದೆ, ದನ ತಿಂದು ಬೀಜ ಹರಡುತ್ತವೆ. ಮುಳ್ಳು ಮಾತ್ರ ಟೊಂಗೆಯಲ್ಲಷ್ಟೇ ಅಲ್ಲ, ಬೊಡ್ಡೆಯಿಂದಲೇ ಗೊಂಚಲು ಗೊಂಚಲಾಗಿ ಬರುತ್ತದೆ. ಒಂದೊಂದು ನನ್ನ ಬೆರಳಿಗಿಂತ ಉದ್ದ. ಟ್ರ್ಯಾಕ್ಟರಿನ ಟೈರಿಗೂ ಚುಚ್ಚಿಕೊಳ್ಳುತ್ತದೆ ಅಂದರೆ ನೋಡಿ.

ಆ ಚಳಿಗಾಲದಲ್ಲಿ ಇಲ್ಲಿನವರು ಐಸ್ ಸ್ಟಾರ್ಮ್ ಅನ್ನುವ ಮಳೆ ಬಂತು. ಬೀಳುವಾಗ ನೀರೇ, ಟೊಂಗೆಗೆ ತಾಗಿದ ಕೂಡಲೇ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ರಾತ್ರಿಯಿಡೀ ಮರ ಮುರಿಯುವ ಸದ್ದು, ದೀಪಾವಳಿ ಪಟಾಕಿಯ ಹಾಗೆ. ಬೆಳಗ್ಗೆ ಎದ್ದರೆ ಹೊಲಕ್ಕೆ ಕಾಲಿಡಲು ಜಾಗ ಇಲ್ಲ.

ಊರಲ್ಲಿ ಜಾಲಿ ಕಡಿಯುವಾಗ ಅಪ್ಪನ ಕೈಯಲ್ಲಿ ಕವೆಗೋಲು ಇರುತ್ತಿತ್ತು. ತುದಿಯಲ್ಲಿ ಕವಲಿರುವ ಉದ್ದ ಕೋಲು. ಟೊಂಗೆಯನ್ನು ಕವಲಿನಿಂದ ಒತ್ತಿ ಹಿಡಿದು ಕೊಡಲಿ ಹಾಕುವುದು, ಆಮೇಲೆ ಅದೇ ಕೋಲಿನಿಂದ ನೂಕಿಕೊಂಡು ಹೋಗಿ ಬೇಲಿಗೆ ಒಟ್ಟುವುದು. ಮುಳ್ಳಿಗೂ ಮೈಗೂ ನಡುವೆ ಆರಡಿ ಅಂತರ. ನಾನೂ ಇಲ್ಲೊಂದು ಕವೆಗೋಲು ಮಾಡಿಕೊಂಡೆ. ಎರಡು ದಿನ ಕೆಲಸ ಮಾಡಿದ ಮೇಲೆ ಲೆಕ್ಕ ಹಾಕಿದೆ. ಇದೇ ವೇಗದಲ್ಲಿ ಹೋದರೆ ಮುಂದಿನ ಚಳಿಗಾಲ ಬಂದರೂ ಮುಗಿಯುವುದಿಲ್ಲ.

ಇಲ್ಲಿಯ ಸಣ್ಣ ಟ್ರ್ಯಾಕ್ಟರುಗಳಿಗೆ ಮುಂದೆ ಲೋಡರ್ ಇರುವುದು ಮಾಮೂಲು. ಜೆಸಿಬಿಯ ಮುಂದಿನ ಬಕೆಟ್ ಇದೆಯಲ್ಲ, ಅದರ ಚಿಕ್ಕ ತಮ್ಮ. ನಮ್ಮದು 35 ಎಚ್‌ಪಿ, ನಾಲ್ಕೂ ಚಕ್ರ ಎಳೆಯುವಂಥದ್ದು. ಆ ಬಕೆಟ್ ತೆಗೆದು ಅದೇ ಜಾಗಕ್ಕೆ ಗ್ರ್ಯಾಪಲ್ ಕೂಡಿಸಬಹುದು. ಕೆಳಗೆ ಕಬ್ಬಿಣದ ಹಲ್ಲುಗಳ ಸಾಲು, ಮೇಲೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಸಿಲಿಂಡರ್ ಒತ್ತಿದಾಗ ಮುಚ್ಚಿಕೊಳ್ಳುವ ದವಡೆ. ಒಟ್ಟಿನಲ್ಲಿ ದೊಡ್ಡ ಇಕ್ಕಳ. ಹೊಳೆಯಲ್ಲಿ ಏಡಿ ಹಿಡಿದವರಿಗೆ ಇಷ್ಟು ಹೇಳಿದರೆ ಸಾಕು.

ಮೊದಲ ಸಲ ನಾನು ಕೊಂಡಿದ್ದು ತಪ್ಪು ಇಕ್ಕಳ. ಆರಡಿ ಅಗಲ, ಎರಡು ದವಡೆ, ಸೆಕೆಂಡ್ ಹ್ಯಾಂಡ್, ಅಗ್ಗ. ನೋಡಿದರೆ ಭಯ ಆಗಬೇಕು, ಅಷ್ಟು ಗಟ್ಟಿ. ನನಗೆ ಇಷ್ಟವಾಗಿದ್ದೂ ಅದೇ. ಮಾರಿದವರು ನಿಮ್ಮ ಗಾಡಿಗೆ ಆರಾಮಾಗಿ ನಡೆಯುತ್ತದೆ ಅಂದರು. ತೂಕ ಎಷ್ಟು ಅಂತ ನಾನೂ ಕೇಳಲಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ಮನೆಯಲ್ಲಿ ಹುಟ್ಟಿದವಳು ನಾನು!

ಮರುದಿನ ಬಿದ್ದಿದ್ದ ಓಕ್ ಮರದ ದಿಮ್ಮಿಯೊಂದನ್ನು ಹಿಡಿದೆ. 18 ಇಂಚು ದಪ್ಪ, 8 ಅಡಿ ಉದ್ದ. ದವಡೆ ಚೆನ್ನಾಗೇ ಕಚ್ಚಿತು. ಎತ್ತಲು ಹೋದರೆ ನೆಲ ಬಿಟ್ಟು ಒಂದು ಗೇಣು ಏರಿ ನಿಂತಿತು. ಹೈಡ್ರಾಲಿಕ್ ಕುಕ್ಕರ್ ಸೀಟಿಯ ಹಾಗೆ ಕೂಗಿತು. ಹಾಗೇ ಹಿಂದಕ್ಕೆ ತರೋಣ ಅಂತ ರಿವರ್ಸ್ ಹಾಕಿದೆ. ಸಣ್ಣ ದಿಬ್ಬ ಅಡ್ಡ ಬಂತು. ಹಿಂದಿನ ಬಲಗಡೆ ಚಕ್ರ ನೆಲ ಬಿಟ್ಟಿದ್ದು ಕಣ್ಣಿಗೆ ಕಾಣುವ ಮೊದಲೇ ಹೊಟ್ಟೆಗೆ ಗೊತ್ತಾಯಿತು. ಕೈ ತಾನಾಗೇ ಲಿವರ್ ಕೆಳಕ್ಕೆ ಒತ್ತಿತು. ದಿಮ್ಮಿ ನೆಲ ಮುಟ್ಟಿತು, ಚಕ್ರ ದಪ್ಪೆಂದು ಕೂತಿತು. ಸೀಟ್ ಬೆಲ್ಟ್ ಹಾಕಿದ್ದೆ, ತಲೆ ಮೇಲೆ ಕಬ್ಬಿಣದ ಕಮಾನೂ ಇತ್ತು. ಆದರೂ ಹತ್ತು ನಿಮಿಷ ಇಳಿಯದೆ ಸುಮ್ನೆ ಕೂತೇ ಇದ್ದೆ.

ಅವತ್ತು ರಾತ್ರಿ ಪೆನ್ನು ಹಿಡಿದು ಕೂತೆ. ಕೊಳ್ಳುವ ಮೊದಲು ಮಾಡಬೇಕಿದ್ದ ಕೆಲಸ. ಲೋಡರ್‌ನ ಪುಸ್ತಕದಲ್ಲಿ ಎತ್ತುವ ಶಕ್ತಿ ಎರಡು ಕಡೆ ಬರೆದಿರುತ್ತದೆ. ಒಂದು, ಬಕೆಟ್ ಸಿಕ್ಕಿಸುವ ಪಿನ್ನಿನ ಹತ್ತಿರ. ಇನ್ನೊಂದು, ಪಿನ್ನಿನಿಂದ 500 ಮಿಲಿಮೀಟರ್ ಮುಂದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವುದು ಮೊದಲನೆಯದನ್ನು. ಆದರೆ ಹೊರೆ ಪಿನ್ನಿನ ಮೇಲೆ ಕೂರುವುದಿಲ್ಲ, ಮುಂದೆ ಚಾಚಿಕೊಂಡಿರುತ್ತದೆ. ನಮ್ಮ ಗಾಡಿಯದು ಪಿನ್ನಿನಲ್ಲಿ 725 ಕೆಜಿ, ಮುಂದೆ 545. ನನ್ನ ದೈತ್ಯ ಇಕ್ಕಳದ ತೂಕವೇ 320. ಉಳಿದಿದ್ದು 225 ಕೆಜಿ. ಹಸಿ ಓಕ್ ಹೆಚ್ಚುಕಡಿಮೆ ನೀರಿನಷ್ಟೇ ಭಾರ, ಆ ದಿಮ್ಮಿ 400 ಕೆಜಿ ಆಗುತ್ತದೆ. ನಾನು ದುಡ್ಡು ಕೊಟ್ಟು ಕೊಂಡಿದ್ದು ಗಾಡಿಯ ಅರ್ಧಕ್ಕಿಂತ ಜಾಸ್ತಿ ಶಕ್ತಿಯನ್ನು ತಾನೇ ತಿನ್ನುವ ಕಬ್ಬಿಣ.

ಎರಡನೇ ತಪ್ಪು ಹಿಂದೆ ತೂಕ ಕಟ್ಟದೇ ಇದ್ದಿದ್ದು. ಕಾವಡಿಯ ಒಂದೇ ಕಡೆ ಕೊಡ ತೂಗುಹಾಕಿದರೆ ಏನಾಗುತ್ತದೆ, ಅದೇ ಆಯಿತು. ಈಗ ಹಿಂದಿನ ಲಿಫ್ಟಿಗೆ ಕಾಂಕ್ರೀಟ್ ತುಂಬಿದ ಪೀಪಾಯಿ ಕೂಡಿಸುತ್ತೇನೆ. ಹಿಂದಿನ ಟೈರುಗಳಲ್ಲಿ ಗಾಳಿಯ ಜೊತೆ ಬೀಟ್ ರಸ ಇದೆ. ತಮಾಷೆ ಅಲ್ಲ, ನಿಜವಾಗಿಯೂ ಸಕ್ಕರೆ ಬೀಟಿನ ರಸ. ನೀರಿಗಿಂತ ಭಾರ, ಇಲ್ಲಿನ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಚಕ್ರದ ಡಿಸ್ಕಿಗೆ ತುಕ್ಕು ಹಿಡಿಸುವುದಿಲ್ಲ. ಇದನ್ನು ಕೇಳಿದಾಗ ಅವ್ವ, “ಟೈರಿಗಿ ಸಕ್ರಿ ನೀರ್ ಕುಡಸ್ತಾರೇನ್?” ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಆ ಇಕ್ಕಳವನ್ನು ನಷ್ಟಕ್ಕೇ ಮಾರಿದೆ. ಎರಡನೇ ಸಲ ತಂದಿದ್ದು ನಾಲ್ಕೂವರೆ ಅಡಿ ಅಗಲದ್ದು, ಒಂದೇ ದವಡೆ, 140 ಕೆಜಿ. ಅಗಲ ಕಡಿಮೆಯಾದರೆ ಕೆಲಸ ಕಡಿಮೆ ಆಗುತ್ತದೆ ಅಂತ ಅಂದುಕೊಂಡಿದ್ದೆ. ಹಾಗೇನಿಲ್ಲ. ಮುಳ್ಳಿನ ರಾಶಿಗೆ ನುಗ್ಗಿಸಲು ಸಣ್ಣದೇ ಸುಲಭ. ಎರಡು ದವಡೆ ಇದ್ದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇರುವ ಹೊರೆಯನ್ನು ಬೇರೆಬೇರೆಯಾಗಿ ಕಚ್ಚುತ್ತದೆ, ಅದು ನಿಜ. ಆದರೆ ಇಷ್ಟು ಸಣ್ಣ ಗಾಡಿಗೆ ಆ ಅನುಕೂಲಕ್ಕಿಂತ ಅದರ ತೂಕವೇ ಜಾಸ್ತಿ.

ಇಕ್ಕಳದಲ್ಲೂ ಜಾತಿ ಇದೆ. ನನ್ನದು ರೂಟ್ ಗ್ರ್ಯಾಪಲ್. ಕೆಳಗೆ ತಳ ಇಲ್ಲ, ಬರೀ ಉದ್ದ ಹಲ್ಲು. ಬೇರು ಸಮೇತ ಎತ್ತಿದರೆ ಮಣ್ಣು ಉದುರಿ ಹೊಲದಲ್ಲೇ ಉಳಿಯುತ್ತದೆ. ಬಕೆಟ್ ಮೇಲೇ ದವಡೆ ಇರುವುದೂ ಸಿಗುತ್ತದೆ, ಸಗಣಿ ಗೊಬ್ಬರಕ್ಕೆ ಅದು ಸರಿ. ಕಲ್ಲು ಆರಿಸಲು ಹಲ್ಲು ಒತ್ತೊತ್ತಾಗಿ ಇರುವ ಬೇರೆಯೇ ಬರುತ್ತದೆ. ಎಲ್ಲಕ್ಕೂ ಒಂದೇ ಬೇಕು ಅನ್ನುವವರಿಗೆ ಯಾವುದೂ ಪೂರ್ತಿ ಸರಿಹೋಗುವುದಿಲ್ಲ.

ಇನ್ನು ಎಣ್ಣೆಯ ವಿಷಯ. ಲೋಡರ್‌ಗೆ ಎರಡು ಕೆಲಸ ಗೊತ್ತು: ಏರಿಳಿಯುವುದು, ಬಕೆಟ್ ಬಾಗಿಸುವುದು. ದವಡೆ ತೆಗೆದು ಮುಚ್ಚಲು ಮೂರನೇ ದಾರಿ ಬೇಕು, ಅದರ ಪೈಪು ಮುಂದಿನವರೆಗೆ ಬರಬೇಕು. ಅಗ್ಗದ ಉಪಾಯ ಡೈವರ್ಟರ್ ವಾಲ್ವ್: ಬಾಗಿಸುವ ಎಣ್ಣೆಯನ್ನೇ ಗುಂಡಿ ಒತ್ತಿ ದವಡೆ ಕಡೆ ತಿರುಗಿಸುವುದು. ಆಗ ಬಾಗಿಸುವುದೂ ಕಚ್ಚುವುದೂ ಒಟ್ಟಿಗೆ ಆಗುವುದಿಲ್ಲ. ಮುಳ್ಳಿನ ಹೊರೆ ಜಾರುವುದು ಸರಿಯಾಗಿ ಆ ಹೊತ್ತಿನಲ್ಲೇ. ಹಾಗಾಗಿ ನಾನು ಬೇರೆಯದೇ ವಾಲ್ವ್ ಹಾಕಿಸಿದೆ. ಖರ್ಚು ಸಾವಿರ ಡಾಲರ್ ಹತ್ತಿರ ಬಂತು. ಇಕ್ಕಳದ ಬೆಲೆ ನೋಡಿ ಓಡಿ ಬರುವವರು ಈ ಖರ್ಚನ್ನು ಮರೆತಿರುತ್ತಾರೆ, ನನ್ನ ಹಾಗೆ.

ಇನ್ನೊಂದು ಸಣ್ಣ ಕಿರಿಕಿರಿ. ಇಕ್ಕಳ ಬಿಚ್ಚಿ ಬಿಸಿಲಲ್ಲಿ ಇಟ್ಟರೆ ಪೈಪಿನೊಳಗಿನ ಎಣ್ಣೆ ಹಿಗ್ಗಿ ಒತ್ತಡ ಕಟ್ಟಿಕೊಳ್ಳುತ್ತದೆ. ಮರುದಿನ ಪೈಪು ಜೋಡಿಸುವ ಕಪ್ಲಿಂಗ್ ಕೂಡುವುದೇ ಇಲ್ಲ. ಎಷ್ಟು ಒತ್ತಿದರೂ ಇಲ್ಲ. ಈಗ ಬಿಚ್ಚುವ ಮೊದಲೇ ಇಂಜಿನ್ ಬಂದ್ ಮಾಡಿ, ಕೀಲಿ ಆನ್ ಇಟ್ಟು, ಗುಂಡಿಯನ್ನು ಆ ಕಡೆ ಈ ಕಡೆ ನಾಲ್ಕು ಸಲ ಒತ್ತಿ ಒತ್ತಡ ಬಿಡಿಸುತ್ತೇನೆ. ಬಿಚ್ಚಿದ ಮೇಲೆ ನೆರಳಲ್ಲೇ ಇಡುತ್ತೇನೆ.

ಇಷ್ಟು ಕಲಿತು ಹೋದ ಚಳಿಗಾಲದಲ್ಲಿ ಎಳ್ಳಮವಾಸ್ಯೆಗೆ ಊರಿಗೆ ಬಂದೆ. ಹೊಲದಲ್ಲಿ ಚರಗ ಚೆಲ್ಲಿ, ಬಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಮುಗಿಸಿ ಗಿಡದ ಕೆಳಗೆ ಅಡ್ಡಾದೆವು. ತಮ್ಮ ಮೊಬೈಲು ತೆಗೆದ. ಕಬ್ಬು ಎತ್ತಿ ಟ್ರಾಲಿಗೆ ತುಂಬುವ ಇಕ್ಕಳದ ವಿಡಿಯೋ.

“ಅಕ್ಕಾ, ನಿನ್ನಂಥಾದು ನಮ್ ಗಾಡಿಗಿ ಕೂಡ್ತದೇನು?”

“ಏನ್ ಎತ್ತಾಂವ ಅದರಾಗ?”

“ನಾಲಾ ದಂಡಿ ನೋಡು. ಹ್ವಾದ್ ವರ್ಷ ಜೆಸಿಬಿ ತಂದು ಜಾಲಿ ಕೀಳ್ಸಿದ್ದೆ. ಜೆಸಿಬಿಯಾಂವ ಕಿತ್ತು ಅಲ್ಲೇ ಒಗದು ಹ್ವಾದ. ಎತ್ತಿ ಹಾಕ್ಲಾಕ ಆಳೇ ಸಿಗಂಗಿಲ್ಲ.”

ಹೋಗಿ ನೋಡಿದೆವು. ರಾಶಿ ಒಣಗಿ ನಿಂತಿತ್ತು. ಪಕ್ಕದಲ್ಲಿ ಬೇರು ಉಳಿದ ಕಡೆಯೆಲ್ಲ ಹೊಸ ಜಾಲಿ ಸೊಂಟದೆತ್ತರ ಎದ್ದಿತ್ತು. ಜಾಲಿಯ ಗುಣವೇ ಅದು, ಮೇಲೆ ಕಡಿದರೆ ಬುಡದಿಂದ ಇನ್ನೂ ನಾಲ್ಕು ಚಿಗುರುತ್ತದೆ. ಕೀಳಲು ಜೆಸಿಬಿಯೇ ಬೇಕು. ಆದರೆ ಕಿತ್ತಿದ್ದನ್ನು ಹೊರಲು ಗಂಟೆ ಲೆಕ್ಕದಲ್ಲಿ ಜೆಸಿಬಿ ನಿಲ್ಲಿಸಿಕೊಳ್ಳುವುದು ದಂಡ.

ತಮ್ಮನ ಆಸೆ ನನ್ನ ಹಾಗೇ ಮುಂದೆ ಲೋಡರ್ ಹಾಕಿಸುವುದು. ಬೇಡ ಅಂದೆ. ಅವನದು 45 ಎಚ್‌ಪಿ, ಎಳೆತ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮುಂದಿನ ಅಚ್ಚು ಗಾಡಿ ತಿರುಗಿಸಲು ಇರುವುದು, ಅರ್ಧ ಟನ್ ಹೊರಲು ಅಲ್ಲ. ಮಳೆಗಾಲ ಮುಗಿದ ಯರಿ ಭೂಮಿಯಲ್ಲಿ ಮುಂದೆ ಭಾರ ಹೇರಿದರೆ ಮೂತಿ ನೆಲದಲ್ಲಿ ಹುಗಿಯುತ್ತದೆ. ಅವನ ಮುಖ ಸಣ್ಣದಾಯಿತು.

ಗಾಡಿ ಸುತ್ತ ಒಂದು ಸುತ್ತು ಬಂದೆ. ಹಿಂದೆ ಎರಡು ಹೈಡ್ರಾಲಿಕ್ ಕಪ್ಲಿಂಗ್ ಕಂಡವು.

“ಇವ್ ಎದಕ್ಕೋ?”

“ಪಲ್ಟಿ ನೇಗಿಲಿಗಿ.”

ಅಲ್ಲೇ ಇತ್ತು ಉತ್ತರ. ಪಲ್ಟಿ ನೇಗಿಲನ್ನು ಮಗುಚಲು ಎಣ್ಣೆ ಎರಡೂ ಕಡೆ ಹೋಗಬೇಕು. ದವಡೆ ತೆಗೆದು ಮುಚ್ಚಲು ಬೇಕಾಗಿರುವುದೂ ಅದೇ. ಹಿಂದಿನ ಲಿಫ್ಟು 1500 ಕೆಜಿಯ ಮೇಲೆ ಎತ್ತುತ್ತದೆ. ಅಂದರೆ ಇಕ್ಕಳವನ್ನು ಹಿಂದಕ್ಕೇ ಕೂಡಿಸಿದರೆ ಲೋಡರ್ ಖರ್ಚಿಲ್ಲ, ಹೊಸ ವಾಲ್ವ್ ಬೇಡ. ಕಷ್ಟ ಇಲ್ಲ ಅಂತಲ್ಲ. ಲಿಫ್ಟು ಮೇಲೇರುವುದು ಎರಡಡಿ ಆಸುಪಾಸು, ಟ್ರಾಲಿಗೆ ತುಂಬಲು ಆಗದು, ಎಳೆದು ಒಟ್ಟಲು ಮಾತ್ರ. ದಿನವಿಡೀ ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಓಡಿಸಬೇಕು. ಹೊರೆ ಜಾಸ್ತಿಯಾದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಕೇಳುವುದಿಲ್ಲ, ಮೂತಿಗೆ ತೂಕದ ಪ್ಲೇಟು ಹಾಕಲೇಬೇಕು.

ಮರುದಿನ ಕಲಬುರಗಿಗೆ ಹೋಗಿ, ಹುಮನಾಬಾದ್ ರಸ್ತೆಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬ ಮಿಸ್ತ್ರಿಯನ್ನು ಹಿಡಿದೆವು. ಅವರು ಸೀಮೆಸುಣ್ಣದಲ್ಲಿ ನೆಲದ ಮೇಲೇ ಚಿತ್ರ ಬರೆದರು. ಕೈ ಬಹಳ ಚೆನ್ನಾಗಿತ್ತು. ಮೂಲೆಯಲ್ಲಿ ಹಳೇ ಟ್ರಾಲಿ ಸಿಲಿಂಡರ್ ಬಿದ್ದಿತ್ತು, ಅದನ್ನೇ ಹಾಕುತ್ತೇನೆ ಅಂದರು. ನಾನು ತಡೆದೆ. ಟ್ರಾಲಿ ಸಿಲಿಂಡರ್‌ಗೆ ಎಣ್ಣೆ ಹೋಗುವುದು ಒಂದೇ ಕಡೆ. ಎತ್ತಲು ಒತ್ತಡ, ಇಳಿಯಲು ಟ್ರಾಲಿಯ ಭಾರ. ದವಡೆಗೆ ಎರಡೂ ಕಡೆ ಒತ್ತುವುದು ಬೇಕು. ಮಿಸ್ತ್ರಿ ಒಂದು ಗಳಿಗೆ ನನ್ನ ಮುಖ ನೋಡಿ, “ಖರೇ ಅದ” ಅಂದು ಚಿತ್ರ ಅಳಿಸಿದರು.

ಆಮೇಲೆ ತೂಕ ಕೇಳಿದೆ.

“ತೂಕ ಎದಕ್ಕ್ರೀ ಅಕ್ಕೋರೆ, ಗಟ್ಟಿ ಇದ್ರ ಸಾಕಲ್ಲ?”

ನನ್ನ ಮೊದಲ ಇಕ್ಕಳದ ಕಥೆ ಹೇಳಿದೆ. ಚಕ್ರ ಎದ್ದ ಜಾಗ ಬಂದಾಗ ಬೀಡಿ ಹಚ್ಚುವುದನ್ನೂ ಬಿಟ್ಟು ಕೇಳಿದರು. ಕೊನೆಗೆ ಪೂರ್ತಿ ದಪ್ಪ ಪ್ಲೇಟು ಬಿಟ್ಟು, ಹಲ್ಲಿಗೆ ಮಾತ್ರ ಗಟ್ಟಿ ಉಕ್ಕು, ಚೌಕಟ್ಟಿಗೆ ಚೌಕ ಪೈಪು ಅಂತ ತೀರ್ಮಾನ ಆಯಿತು. ಹಲ್ಲಿನ ಅಂತರದ ಮೇಲೆ ದೊಡ್ಡ ವಾದ ನಡೆಯಿತು. ಜಾಲಿಗೆ 8 ಇಂಚು ಸಾಕು. ತಮ್ಮನಿಗೆ ಅದರಲ್ಲೇ ತೊಗರಿ ಕಟ್ಟಿಗೆಯನ್ನೂ ಬಣವೆಗೆ ಒಯ್ಯಬೇಕು, ಅದು 8 ಇಂಚಿನಲ್ಲಿ ಸೋರಿಹೋಗುತ್ತದೆ. 6 ಇಂಚಿಗೆ ರಾಜಿ ಆಯಿತು. ನನಗೇನೋ ಎರಡಕ್ಕೂ ಅರೆಬರೆ ಅನ್ನಿಸಿತು. ಹೊಲ ಅವನದು, ಸುಮ್ಮನಾದೆ.

ರಜೆ ಮುಗಿದು ನಾನು ಹಿಂದಿರುಗಿದ ಮೇಲೆ ಇಕ್ಕಳ ತಯಾರಾಯಿತು. ತೊಗರಿ ತೂಗುವ ಕಾಟಾದ ಮೇಲೆ ಇಟ್ಟು ತೂಗಿದ ಫೋಟೋ ಕಳಿಸಿದ: 172 ಕೆಜಿ.

ಹೋದ ವಾರ ಕಾಲ್ ಮಾಡಿದ್ದ. ಫೋನನ್ನು ಮಡ್‌ಗಾರ್ಡ್ ಮೇಲೆ ಇಟ್ಟು ತೋರಿಸಿದ. ನಾಲಾ ದಂಡೆಯ ರಾಶಿ ಅರ್ಧ ಕರಗಿತ್ತು. ಇಕ್ಕಳ ಒಂದು ಬೊಡ್ಡೆಯನ್ನು ಬೇರು ಸಮೇತ ಕಚ್ಚಿಕೊಂಡು ನಿಧಾನಕ್ಕೆ ಹೊರಟಿತು, ದಾರಿಯುದ್ದಕ್ಕೂ ಸಣ್ಣ ಸಣ್ಣ ಮುಳ್ಳಿನ ಕಡ್ಡಿ ಉದುರಿಸುತ್ತಾ. ಅದರ ಹಿಂದೆ ಯಾರೋ ನಡೆದು ಬರುತ್ತಿದ್ದರು. ಬಗ್ಗಿ ನೋಡಿದರೆ ಅಪ್ಪ. ಕೈಯಲ್ಲಿ ಕವೆಗೋಲು.

“ಅಪ್ಪಾ, ಈಗ್ಯಾಕ ಅದು?” ಅಂತ ಕೂಗಿದೆ.

“ನಿಮ್ ಮಷೀನ್ ಬಿಟ್ಟಿದ್ ಮುಳ್ಳ ಎತ್ತಿನ ಕಾಲಾಗ ಹೋಗ್ಬಾರ್ದಲ್ಲ ಯವ್ವಾ” ಅಂದು, ಒಂದು ಕಡ್ಡಿಯನ್ನು ಕವಲಿನಲ್ಲಿ ಎತ್ತಿ ಬೇಲಿ ಕಡೆ ಒಗೆದರು.